ಕೀಲಿ ಭದ್ರ, ಆದರೆ ಆ ತುದಿಯಲ್ಲಿರುವವರು ಯಾರು?

1984ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನವೊಂದರ ಪ್ರಬಂಧದಲ್ಲಿ ಚಾರ್ಲ್ಸ್ ಬೆನೆಟ್ ಮತ್ತು ಜಿಲ್ ಬ್ರಸಾರ್ ಕ್ವಾಂಟಮ್ ಕೀಲಿ ವಿತರಣೆಯ, ಎಂದರೆ ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುವ ಗುಪ್ತ ಕೀಲಿಯನ್ನು ಇಬ್ಬರು ದೂರದಿಂದಲೇ ಹಂಚಿಕೊಳ್ಳುವ ವಿಧಾನವನ್ನು ವಿವರಿಸಿದರು. ಬಿಬಿ84 ಎಂದು ಇಂದು ಪ್ರಸಿದ್ಧವಾಗಿರುವುದು ಅದೇ. ಇದರಲ್ಲಿ ಕೀಲಿಯ ಬಿಟ್‌ಗಳು ಫೋಟಾನುಗಳ (ಬೆಳಕಿನ ಕಣಗಳ) ಧ್ರುವೀಕರಣದ, ಎಂದರೆ ಕಂಪನದ ದಿಕ್ಕಿನ, ರೂಪದಲ್ಲಿ ಸಾಗುತ್ತವೆ. ನಡುವೆ ಯಾರಾದರೂ ಪ್ರತಿ ಫೋಟಾನನ್ನೂ ಅಳೆದು ಮತ್ತೆ ಕಳುಹಿಸಿದರೆ, ಎರಡೂ ಕಡೆಯವರು ಉಳಿಸಿಕೊಂಡ ಬಿಟ್‌ಗಳಲ್ಲಿ ಸರಾಸರಿ ಶೇ 25ರಷ್ಟು ಹೊಂದಿಕೆಯಾಗುವುದಿಲ್ಲ; ಕಳ್ಳಗಿವಿ ಬಯಲಾಗುತ್ತದೆ.

ಜಾಲ ಭದ್ರತೆಯ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕೇಳುವ ಮಾತೆಂದರೆ, ‘ಭೌತಶಾಸ್ತ್ರವೇ ಕಾವಲಿದ್ದ ಮೇಲೆ ಗುರುತಿನ ಪರೀಕ್ಷೆ ಏಕೆ?’ ಎಂಬುದು. ಬೆಂಗಳೂರಿನ ಒಂದು ಕಚೇರಿ ಮೈಸೂರಿನ ಶಾಖೆಯೊಡನೆ ಕೀಲಿ ಹಂಚಿಕೊಳ್ಳುತ್ತಿದೆ ಎಂದುಕೊಳ್ಳಿ. ನಡುವೆ ಕುಳಿತವನು ಬೆಂಗಳೂರಿಗೆ ತಾನೇ ಮೈಸೂರೆಂದೂ, ಮೈಸೂರಿಗೆ ತಾನೇ ಬೆಂಗಳೂರೆಂದೂ ನಟಿಸಿ, ಇಬ್ಬರೊಡನೆಯೂ ಬೇರೆ ಬೇರೆಯಾಗಿ, ಒಂದು ನಿಯಮವನ್ನೂ ಮುರಿಯದೆ ಬಿಬಿ84 ನಡೆಸಿದರೆ, ದೋಷದ ಪ್ರಮಾಣ ಎಲ್ಲಿಯೂ ಏರುವುದಿಲ್ಲ. ಎರಡು ಕೀಲಿಗಳೂ ನಿರ್ದೋಷ, ಎರಡೂ ಅವನ ಕೈಯಲ್ಲಿ. ಫೋಟಾನಿಗೆ ತನ್ನನ್ನು ಕಳುಹಿಸಿದವರ ಹೆಸರು ತಿಳಿಯದು.

ಆದ್ದರಿಂದ ಎರಡೂ ಕಡೆಯವರು ಮಾಪನದ ವಿವರ ಹೋಲಿಸುವ ಸಾಮಾನ್ಯ ಸಂಪರ್ಕದ ಪ್ರತಿ ಸಂದೇಶಕ್ಕೂ ದೃಢೀಕರಣದ ಮುದ್ರೆ ಬೇಕು. ಮೂಲ ಪ್ರಬಂಧವೇ ಇದಕ್ಕೆ ವೆಗ್ಮನ್ ಮತ್ತು ಕಾರ್ಟರ್ ರೂಪಿಸಿದ, ಸಂದೇಶ ಮತ್ತು ಗುಪ್ತ ಕೀಲಿಯಿಂದ ಚಿಕ್ಕ ಮುದ್ರೆಯೊಂದನ್ನು ಲೆಕ್ಕಹಾಕುವ ಹ್ಯಾಶ್ ವಿಧಾನವನ್ನು ಸೂಚಿಸಿತ್ತು ಎಂಬುದನ್ನು ಹಲವರು ಮರೆಯುತ್ತಾರೆ. ಎಷ್ಟೇ ದೊಡ್ಡ ಗಣಕಶಕ್ತಿಗೂ ಈ ಮುದ್ರೆ ಮಣಿಯದು. ಆದರೆ ಇಬ್ಬರ ಬಳಿಯೂ ಮೊದಲೇ ಒಂದು ಚಿಕ್ಕ ಗುಪ್ತ ಕೀಲಿ ಇರಬೇಕು. ನನ್ನ ದೃಷ್ಟಿಯಲ್ಲಿ ಇದನ್ನು ಕೀಲಿ ವಿತರಣೆ ಎನ್ನುವುದಕ್ಕಿಂತ ಕೀಲಿ ಬೆಳೆಸುವುದು ಎನ್ನುವುದೇ ಸರಿ: ಹೆಪ್ಪಿಲ್ಲದೆ ಮೊಸರಾಗದು.

ನೂರಾರು ಶಾಖೆಗಳಿಗೆ ಆ ಮೊದಲ ಕೀಲಿಯನ್ನು ಕೈಯಾರೆ ತಲುಪಿಸುವುದು ಕಷ್ಟ. ಅಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟಿನಲ್ಲಿ ಅಂತಿಮಗೊಳಿಸಿದ ಎಂಎಲ್-ಡಿಎಸ್‌ಎಯಂಥ, ಕ್ವಾಂಟಮ್ ಗಣಕವನ್ನೂ ಎದುರಿಸುವಂತೆ ರೂಪಿಸಿದ ಡಿಜಿಟಲ್ ಸಹಿಗಳು ನೆರವಾಗುತ್ತವೆ. ಗಣಿತದ ಊಹೆಯೊಂದನ್ನು ನಂಬಿದಂತಾಯಿತಲ್ಲ ಎಂಬ ಆಕ್ಷೇಪ ನ್ಯಾಯವೇ. ಆದರೂ ಕೀಲಿ ಹುಟ್ಟುವ ಆ ಹೊತ್ತಿನಲ್ಲಿ ಸಹಿ ಗಟ್ಟಿಯಾಗಿದ್ದರೆ ಸಾಕು, ಹತ್ತು ವರ್ಷಗಳ ನಂತರ ಅದು ಮುರಿದರೂ ಅಂದು ಹುಟ್ಟಿದ ಕೀಲಿ ಬಯಲಾಗುವುದಿಲ್ಲ.

ಉಪಕರಣ ಕೊಳ್ಳುವವರು ದೂರ ಮತ್ತು ವೇಗವನ್ನು ಕೇಳುತ್ತಾರೆ. ದೃಢೀಕರಣದ ಕೀಲಿ ದಾಸ್ತಾನನ್ನು ಕೇಳುವವರು ವಿರಳ. ಕೀಲಿ ಹಂಚಿಕೆಯ ಪ್ರತಿ ಸುತ್ತೂ ಅದರಲ್ಲಿ ಒಂದಿಷ್ಟನ್ನು ಖರ್ಚು ಮಾಡುತ್ತದೆ. ದಾಳಿಕಾರ ಫೋಟಾನುಗಳು ಸಾಗುವ ಗಾಜಿನ ತಂತುವನ್ನು ಪದೇ ಪದೇ ಕೆಣಕಿ ಸುತ್ತುಗಳು ವಿಫಲವಾಗುವಂತೆ ಮಾಡಿದರೆ ಖರ್ಚು ಮಾತ್ರ ನಡೆದು, ಹೊಸ ಕೀಲಿ ಹುಟ್ಟದೆ, ದಾಸ್ತಾನು ಬರಿದಾಗುತ್ತದೆ. ಆಗ ಉಪಕರಣ ನಿಲ್ಲುತ್ತದೆಯೋ, ದೃಢೀಕರಣವನ್ನೇ ಬಿಟ್ಟು ಮುಂದುವರಿಯುತ್ತದೆಯೋ ಎಂಬುದನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆಯಿರಿ.