ಮಾದರಿ ಮಾಡುವವರ ಕೈಗೆ ಸ್ಕಾಲ್ಪೆಲ್: ಯಾವ ಹಿಡಿ, ಯಾವ ಬ್ಲೇಡು

ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಊರುಗಳಲ್ಲಿ ಮೆಡಿಕಲ್ ಕಾಲೇಜುಗಳಿವೆ, ಸರ್ಜಿಕಲ್ ಸಾಮಾನಿನ ಅಂಗಡಿಗಳೂ ಇವೆ. ರಟ್ಟಿನ ಮಾದರಿ ಕತ್ತರಿಸಲು ಸ್ಕಾಲ್ಪೆಲ್, ಅಂದರೆ ಶಸ್ತ್ರಚಿಕಿತ್ಸೆಯ ಚಾಕು, ಬೇಕೆಂದು ಅಂಥ ಅಂಗಡಿಗೆ ಹೋಗಿ ಬರೀ ‘ಸ್ಕಾಲ್ಪೆಲ್ ಕೊಡ್ರಿ’ ಅಂದರೆ ಬಹಳ ಸಲ ಕೈಗೆ ಬರುವುದು 4ನೇ ನಂಬರಿನ ಹಿಡಿ ಮತ್ತು ಅದಕ್ಕೆ ಹೊಂದುವ 22 ಅಥವಾ 24ರ ಬ್ಲೇಡು. ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿಗೆ ಹೋಗುವ ವಿದ್ಯಾರ್ಥಿಗಳಿಗೆ ಅದೇ ಬೇಕು. ರಟ್ಟಿನಲ್ಲಿ ಉಗುರಿನಷ್ಟು ಕಿಟಕಿ ಕೊರೆಯುವವರಿಗೆ ಅದು ತೀರ ದೊಡ್ಡದು. ನೀವು ಕೇಳಬೇಕಾದದ್ದು ‘3ನೇ ನಂಬರ್ ಹ್ಯಾಂಡಲ್, 10ಎ ಬ್ಲೇಡು’. 10ಎ ಇಲ್ಲವೆಂದರೆ 11 ತೆಗೆದುಕೊಳ್ಳಿ.

ನಂಬರುಗಳ ಲೆಕ್ಕ ಒಮ್ಮೆ ತಿಳಿದರೆ ಮತ್ತೆ ಮೋಸ ಹೋಗುವುದಿಲ್ಲ. ಹಿಡಿ ಬೇರೆ, ಬ್ಲೇಡು ಬೇರೆ ಇರುವ ಸ್ಕಾಲ್ಪೆಲ್ಲಿಗೆ ಅಮೆರಿಕದ ಮಾರ್ಗನ್ ಪಾರ್ಕರ್ 1915ರಲ್ಲಿ ಪೇಟೆಂಟ್ ಪಡೆದರು. ಇಂದಿಗೂ ರಚನೆ ಅದೇ. ಹಿಡಿಯ ತುದಿಯಲ್ಲಿ ಕಚ್ಚು ಕೊರೆದ ಒಂದು ನಾಲಗೆ, ಬ್ಲೇಡಿನ ನಡುವೆ ಅದಕ್ಕೆ ಕೂರುವ ಉದ್ದ ಸೀಳು. ಚಾಲ್ತಿಯಲ್ಲಿರುವ ನಾಲಗೆಗಳು ಮುಖ್ಯವಾಗಿ ಎರಡು ಅಳತೆಯವು. 3, 7 ಮತ್ತು 9ನೇ ನಂಬರಿನ ಹಿಡಿಗಳದು ಸಣ್ಣ ನಾಲಗೆ, ಅವುಗಳಿಗೆ 10ರಿಂದ 15ರವರೆಗಿನ ಬ್ಲೇಡುಗಳು. 4ನೇ ನಂಬರಿನದು ದೊಡ್ಡ ನಾಲಗೆ, ಅದಕ್ಕೆ 20ರ ಆಸುಪಾಸಿನ ದೊಡ್ಡ ಬ್ಲೇಡುಗಳು. ಸಣ್ಣದು ದೊಡ್ಡದಕ್ಕೆ ಕೂರುವುದಿಲ್ಲ. ಇಂಗ್ಲೆಂಡಿನ ಶೆಫೀಲ್ಡಿನ ಸ್ವಾನ್-ಮಾರ್ಟನ್ ಬ್ಲೇಡನ್ನೂ ನಮ್ಮ ದೇಶದಲ್ಲೇ ತಯಾರಾದ ಬ್ಲೇಡನ್ನೂ ಸಾಮಾನ್ಯವಾಗಿ ಒಂದೇ ಹಿಡಿಗೆ ಹಾಕಬಹುದು. ಆನ್‌ಲೈನಿನಲ್ಲಿ ತರಿಸುವವರು ಒಂದು ಕಡೆ ಎಡವುತ್ತಾರೆ. ಪೆನ್ನಿನಂಥ ದುಂಡು ಹಿಡಿಯ ಹವ್ಯಾಸಿ ಚಾಕುಗಳಿಗೂ ‘11ನೇ ನಂಬರ್’ ಎಂಬ ಬ್ಲೇಡು ಇದೆ. ಎಕ್ಸ್-ಆಕ್ಟೋ ಮಾದರಿಯ ಆ ಬ್ಲೇಡಿನ ಬಾಲವನ್ನು ತಿರುಪಿನ ಬಾಯಿ ಕಚ್ಚಿ ಹಿಡಿಯುತ್ತದೆ. ನಂಬರು ಒಂದೇ ಆದರೂ ಅದು ಸರ್ಜಿಕಲ್ ಹಿಡಿಗೆ ಬರುವುದಿಲ್ಲ.

ಹಿಡಿಯನ್ನು ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ಕೊಳ್ಳುತ್ತೇವೆ, ಹಾಗಾಗಿ ಅಂಗಡಿಯಲ್ಲೇ ಪರೀಕ್ಷಿಸಿ. ಒಂದು ಬ್ಲೇಡು ಹಾಕಿಸಿ ನೋಡಿ. ಕೊನೆಯಲ್ಲಿ ‘ಟಿಕ್’ ಎಂದು ಕೂರಬೇಕು. ಬ್ಲೇಡಿನ ಹಿಂಬದಿಯ ಓರೆ ಅಂಚು ಹಿಡಿಯ ಓರೆಗೆ ಸಂದಿಲ್ಲದಂತೆ ಹೊಂದಬೇಕು. ನಂತರ ಬ್ಲೇಡಿನ ಬೆನ್ನನ್ನು ಮರದ ಮೇಲೆ ಮೆಲ್ಲಗೆ ಒತ್ತಿ ಅಲುಗಾಡಿಸಿ. ಅರ್ಧ ಮಿಲಿಮೀಟರಿನಷ್ಟು ಆಡಿದರೂ ಆ ಹಿಡಿ ಬೇಡ, ಬೇರೆ ತೋರಿಸಲು ಹೇಳಿ. ಅಗ್ಗದ ಹಿಡಿಗಳಲ್ಲಿ ನಾಲಗೆಯ ಕಚ್ಚು ಸರಿಯಾಗಿ ಕೊರೆದಿರುವುದಿಲ್ಲ. ಅಂಥದ್ದರಲ್ಲಿ ಗೆರೆಯ ಮೇಲೆ ಎಳೆಯುವಾಗ ಬ್ಲೇಡು ಪಕ್ಕಕ್ಕೆ ವಾಲುತ್ತದೆ. ತಪ್ಪು ಉಪಕರಣದ್ದಾದರೂ ಹೊಸಬರು ತಮ್ಮ ಕೈಯನ್ನೇ ದೂರುತ್ತಾರೆ. ಪ್ಲಾಸ್ಟಿಕ್ ಹಿಡಿಯ, ಬಳಸಿ ಬಿಸಾಡುವ ಸ್ಕಾಲ್ಪೆಲ್ ಒತ್ತಿದರೆ ಬಾಗುತ್ತದೆ, ಮಾದರಿ ಕೆಲಸಕ್ಕೆ ಬೇಡವೇ ಬೇಡ.

3ನೇ ನಂಬರಿನ ಚಪ್ಪಟೆ ಹಿಡಿಯ ಒಳ್ಳೆಯ ಗುಣವೆಂದರೆ ಅದು ಮೇಜಿನಿಂದ ಉರುಳಿ ಬೀಳುವುದಿಲ್ಲ. ತೆಳ್ಳಗಿರುವುದರಿಂದ ಎರಡು ತಾಸು ಹಿಡಿದರೆ ತೋರುಬೆರಳು ನೋಯುತ್ತದೆ. ವೈರಿಂಗಿನವರು ಬಳಸುವ, ಕಾವಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆಯನ್ನು ಹಿಡಿಗೆ ಏರಿಸಿ ಕಾಯಿಸಿದರೆ ಅದು ಬಿಗಿಯಾಗಿ ಕಚ್ಚಿಕೊಂಡು ಒಳ್ಳೆಯ ಹಿಡಿತ ಕೊಡುತ್ತದೆ. ಕೊಳವೆ ಏರಿಸುವ ಮೊದಲು ಬ್ಲೇಡು ಬಿಚ್ಚಿಡಿ, ನಾಲಗೆಯ ಬುಡದಿಂದ ಒಂದೆರಡು ಸೆಂಟಿಮೀಟರ್ ಜಾಗ ಬಿಡಿ. 7ನೇ ನಂಬರಿನದು ಉದ್ದ, ಸಣಕಲು. ಜೋಡಿಸಿದ ಮಾದರಿಯ ಒಳಗೆ ಕೈ ಹಾಕಿ ಕತ್ತರಿಸಬೇಕಾದಾಗ ಅದು ಬಲು ಉಪಯುಕ್ತ. ಮೊದಲ ಹಿಡಿಯಾಗಿ ಅದನ್ನು ಕೊಳ್ಳಬೇಡಿ.

ಇನ್ನು ಬ್ಲೇಡು. 10ಎ ಮತ್ತು 11 ಎರಡಕ್ಕೂ ನೇರ ಅಲಗು, ಚೂಪು ಮೊನೆ. 11ರ ಮೊನೆ ಉದ್ದ, ತೆಳು. ಕಿಟಕಿಯ ಮೂಲೆಗೆ ಅದನ್ನು ಮೀರಿಸುವ ಬ್ಲೇಡಿಲ್ಲ, ಆದರೆ ರಟ್ಟಿನಲ್ಲಿ ಚುಚ್ಚಿಟ್ಟು ತಿರುವಿದರೆ ತುದಿ ಪಟ್ಟನೆ ಮುರಿದು ಹಾರುತ್ತದೆ. ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿ ಎನ್ನುವುದು ಇದೇ ಕಾರಣಕ್ಕೆ. 10ಎ ಮೊನೆ ಗಿಡ್ಡ, ಅಷ್ಟು ಬೇಗ ಮುರಿಯುವುದಿಲ್ಲ. ಐವರಿ ಶೀಟು, ಮೌಂಟ್ ಬೋರ್ಡು, ತೆಳು ಪ್ಲಾಸ್ಟಿಕ್ ಹಾಳೆಗಳ ನಿತ್ಯದ ಕೆಲಸಕ್ಕೆ ನಾವು ಮೊದಲು ಹೇಳುವುದು ಅದನ್ನೇ. 15ರದು ಸಣ್ಣ ಡೊಂಕು ಅಲಗು. ಬಾಲ್ಸಾ ಎಂಬ ಹಗುರ ಮರ ಕೆತ್ತಲು, ಪ್ಲಾಸ್ಟಿಕ್ ಕಿಟ್ಟಿನ ಭಾಗಗಳ ಮೇಲಿನ ಅಚ್ಚಿನ ಗೆರೆ ಹೆರೆಯಲು ಚೆನ್ನ. ಹೆರೆಯುವಾಗ ಅಲಗನ್ನು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿ ಅಡ್ಡಡ್ಡ ಎಳೆಯಬೇಕು, ಮಲಗಿಸಿದರೆ ಪ್ಲಾಸ್ಟಿಕ್ ಒಳಕ್ಕೆ ಕಚ್ಚುತ್ತದೆ. 12 ಕೊಕ್ಕೆಯಂತಿದೆ, ಅಪರೂಪಕ್ಕೆ ಬೇಕಾಗುತ್ತದೆ. 4ನೇ ಹಿಡಿ ಆಗಲೇ ಮನೆಯಲ್ಲಿದ್ದರೆ ಅದನ್ನು ಎಸೆಯಬೇಡಿ. ದಪ್ಪ ಬಾಲ್ಸಾ, ಚರ್ಮ, ಫೋಮ್ ಬೋರ್ಡಿಗೆ 22ನೇ ಬ್ಲೇಡಿನ ಉದ್ದ ಹೊಟ್ಟೆ ಒಂದೇ ಎಳೆತದಲ್ಲಿ ಆಳ ಇಳಿಯುತ್ತದೆ.

ಸ್ಕಾಲ್ಪೆಲ್ ಬ್ಲೇಡಿನ ದಪ್ಪ ಸುಮಾರು 0.4 ಮಿ.ಮೀ. ಮಾತ್ರ. ಪ್ಲೈವುಡ್, ಎಂಡಿಎಫ್, ಅಕ್ರಿಲಿಕ್, ತಂತಿ ಇವಕ್ಕೆ ಅದನ್ನು ಹಚ್ಚಬಾರದು. 5 ಮಿ.ಮೀ. ಸನ್‌ಬೋರ್ಡಿಗೆ ಮೊಂಡಾದ ತುದಿಯನ್ನು ಮುರಿದು ತೆಗೆಯಬಹುದಾದ 18 ಮಿ.ಮೀ. ಕಟ್ಟರ್ ಸರಿ. ಥರ್ಮಾಕೋಲ್ ಕೊರೆಯುವವರಿಗೆ ಕಾದ ತಂತಿಯೇ ಮೇಲು. ಬ್ಲೇಡಿನ ಹರಿತ ಸ್ವಲ್ಪ ತಗ್ಗಿದರೂ ಥರ್ಮಾಕೋಲಿನ ಕಾಳು ಕಿತ್ತು ಬರುತ್ತದೆ.

ಸರಿಯಾದ ಬ್ಲೇಡು ಹಾಕಿಯೂ ಕೆಲಸ ಕೆಡುವುದು ಹಿಡಿಯುವ ಕೋನದಿಂದ. ಸ್ಟೀಲ್ ಪಟ್ಟಿಗೆ ಆನಿಸಿ ಉದ್ದ ನೇರ ಗೆರೆ ಎಳೆಯುವಾಗ ಹಿಡಿಯನ್ನು ತಗ್ಗಿಸಿ, ಮೇಜಿಗೆ ಸುಮಾರು 30 ಡಿಗ್ರಿ ಇರಲಿ. ಆಗ ಅಲಗಿನ ಹೆಚ್ಚು ಭಾಗ ಸೀಳಿನೊಳಗೆ ಕೂತು, ರೈಲು ಹಳಿಯ ಮೇಲೆ ಹೋದಂತೆ ನೇರ ಹೋಗುತ್ತದೆ. ಕಮಾನಿಗೆ ಇದೇ ಗುಣ ಅಡ್ಡಿ. ಸೀಳಿನಲ್ಲಿ ಅಲಗು ಹೆಚ್ಚು ಇದ್ದಷ್ಟೂ ಅದು ತಿರುಗಲು ಒಪ್ಪುವುದಿಲ್ಲ, ಬಲವಂತ ಮಾಡಿದರೆ ಮೊನೆ ಮುರಿಯುತ್ತದೆ ಇಲ್ಲವೇ ರಟ್ಟು ಹರಿಯುತ್ತದೆ. ಡೊಂಕಿಗೆ ಹಿಡಿಯನ್ನು 60 ಡಿಗ್ರಿಗೂ ಮೇಲೆ ಎತ್ತಿ, ಮೊನೆಯಿಂದಷ್ಟೇ ಕತ್ತರಿಸಿ, ಕೈ ಇದ್ದಲ್ಲೇ ಇಟ್ಟು ಎಡಗೈಯಿಂದ ಹಾಳೆಯನ್ನು ತಿರುಗಿಸಬೇಕು.

ವಿಜಯಪುರದ ಗೋಳಗುಮ್ಮಟದ ಮಾದರಿಯನ್ನೇ ತೆಗೆದುಕೊಳ್ಳಿ, ಈ ಭಾಗದಲ್ಲಿ ಅದನ್ನು ಮಾಡಬೇಕೆಂಬ ಆಸೆ ಅನೇಕರಿಗಿದೆ. ಕಟ್ಟಡದ ಒಂದೊಂದು ಬದಿ ಸುಮಾರು 47.5 ಮೀಟರ್, ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. 1:200 ಪ್ರಮಾಣಕ್ಕೆ ಇಳಿಸಿದರೆ ಗೋಡೆ 237.5 ಮಿ.ಮೀ., ಗುಮ್ಮಟ 220 ಮಿ.ಮೀ. ಗುಮ್ಮಟವನ್ನು ಅರ್ಧಗೋಳವೆಂದು ಹಿಡಿದು 16 ಎಸಳುಗಳಾಗಿ ಸೀಳಿದರೆ ಪ್ರತಿ ಎಸಳಿನ ಬುಡ 43.2 ಮಿ.ಮೀ., ಬುಡದಿಂದ ತುದಿಗೆ ಸುಮಾರು 173 ಮಿ.ಮೀ. ತೆಳು ಐವರಿ ಶೀಟಿನಲ್ಲಿ ಇವನ್ನು 10ಎ ಬ್ಲೇಡಿನಿಂದ, ಬುಡದಿಂದ ತುದಿಯ ಕಡೆಗೇ ಎಳೆಯಿರಿ. ತುದಿಯಿಂದ ಶುರು ಮಾಡಿದರೆ ಕೂದಲೆಳೆಯಂಥ ಆ ಮೊನೆ ಮೊದಲ ಎಳೆತಕ್ಕೇ ಮಡಚಿಕೊಳ್ಳುತ್ತದೆ. 16 ಎಸಳುಗಳಿಗೆ 32 ಡೊಂಕು ಅಂಚುಗಳಾದವು. ಒಂದೊಂದರಲ್ಲೂ ಕಾಲು ಮಿ.ಮೀ. ಹೆಚ್ಚಾಗಿ ಉಳಿದರೆ ಸುತ್ತಳತೆಯಲ್ಲಿ 8 ಮಿ.ಮೀ. ಹೆಚ್ಚಾಗಿ ಕೊನೆಯ ಎಸಳು ಕೂರುವುದೇ ಇಲ್ಲ. ಮೊಂಡು ಬ್ಲೇಡು ಇಂಥ ಕಡೆಯೇ ಸಿಕ್ಕಿಬೀಳುತ್ತದೆ.

ಗೋಡೆಗಳಿಗೆ 1.5 ಮಿ.ಮೀ. ಮೌಂಟ್ ಬೋರ್ಡು ಸಾಕು. ಮಧ್ಯದ ದೊಡ್ಡ ಕಮಾನನ್ನು ಮೊದಲು ಕೊರೆಯಿರಿ, ಹೊರ ಅಂಚನ್ನು ಕೊನೆಗೆ. ಸುತ್ತ ಅಗಲವಾದ ರಟ್ಟು ಉಳಿದಿರುವಾಗ ಒಳಗಿನ ಕೆಲಸ ಅಲುಗುವುದಿಲ್ಲ. ಪಟ್ಟಿಯನ್ನು ಯಾವಾಗಲೂ ಉಳಿಸಿಕೊಳ್ಳುವ ಭಾಗದ ಮೇಲಿಡಿ, ಬ್ಲೇಡು ಜಾರಿದರೂ ಕೆಡುವುದು ಬಿಸಾಡುವ ಭಾಗ. ಮೊದಲ ಎಳೆತದಲ್ಲಿ ಹಿಡಿಯ ಭಾರಕ್ಕಿಂತ ಸ್ವಲ್ಪವೇ ಹೆಚ್ಚು ಒತ್ತಡ ಸಾಕು, ಅದು ದಾರಿ ಮಾಡುವ ಗೆರೆ. ಮುಂದಿನ ನಾಲ್ಕೈದು ಎಳೆತದಲ್ಲಿ ರಟ್ಟು ಬಿಟ್ಟುಕೊಳ್ಳುತ್ತದೆ. ಒಂದೇ ಸಲ ಕತ್ತರಿಸುವ ಹಟಕ್ಕೆ ಬಿದ್ದು ಒತ್ತಿದರೆ ತೆಳು ಬ್ಲೇಡು ಬಳುಕಿ, ಕತ್ತರಿಸಿದ ಅಂಚು ಓರೆಯಾಗುತ್ತದೆ. ಓರೆ ಅಂಚಿನ ಗೋಡೆಗಳು ಮೂಲೆಯಲ್ಲಿ ಸೇರುವುದಿಲ್ಲ, ಅಲ್ಲಿ ಎಷ್ಟು ಫೆವಿಕಾಲ್ ತುಂಬಿದರೂ ಸಂದು ಕಾಣುತ್ತದೆ. ಚೌಕ ಕಿಟಕಿಯನ್ನು ಮೂಲೆಯಲ್ಲಿ ಮೊನೆ ಊರಿ ನಡುವಿಗೆ ಎಳೆಯಿರಿ, ಮತ್ತೆ ಎದುರು ಮೂಲೆಯಿಂದ ನಡುವಿಗೆ. ಆಗ ಮೂಲೆ ದಾಟಿ ಗೆರೆ ಹೋಗುವುದಿಲ್ಲ. ಕಟ್ಟಡದ ನಾಲ್ಕು ಮೂಲೆಗಳಲ್ಲಿರುವ ಏಳು ಅಂತಸ್ತಿನ ಗೋಪುರಗಳ ಪುಟ್ಟ ಕಮಾನುಗಳನ್ನು ಎಳೆದು ಕೊರೆಯಲು ಹೋಗಬೇಡಿ. ಗೆರೆಯುದ್ದಕ್ಕೂ 11ರ ಮೊನೆಯಿಂದ ಒತ್ತೊತ್ತಾಗಿ ಚುಚ್ಚುತ್ತಾ ಹೋಗಿ, ಕೊನೆಗೆ ಒಳತುಂಡನ್ನು ಹಿಂದಿನಿಂದ ತಳ್ಳಿ.

ಅಡಿಯಲ್ಲಿ ಕಟಿಂಗ್ ಮ್ಯಾಟ್ ಇರಲೇಬೇಕು. ಅಡುಗೆಮನೆಯ ಕಡಪಾ ಕಟ್ಟೆ, ಶಹಾಬಾದಿ ಫರಸಿ, ಗಾಜು ಇವುಗಳ ಮೇಲೆ ಬ್ಲೇಡು ಒಂದು ಸಲ ರಟ್ಟು ದಾಟಿ ಕಲ್ಲು ಮುಟ್ಟಿದರೆ ಮೊನೆ ಮುಗಿದಂತೆ.

ಬ್ಲೇಡು ಮೊಂಡಾದುದನ್ನು ಬೆರಳಿನಿಂದ ಮುಟ್ಟಿ ನೋಡಬಾರದು. ಅಲಗನ್ನು ಬೆಳಕಿಗೆ ಹಿಡಿಯಿರಿ. ಹರಿತವಾದ ಅಲಗು ಬೆಳಕನ್ನು ಹಿಂದಕ್ಕೆ ಕೊಡುವುದಿಲ್ಲ, ಮೊಂಡಾದ ಕಡೆ ಬಿಳಿ ಚುಕ್ಕೆಯೋ ಗೆರೆಯೋ ಹೊಳೆಯುತ್ತದೆ. ರಟ್ಟಿನ ಅಂಚಿನಲ್ಲಿ ನೂಲಿನಂತೆ ಎಳೆ ಏಳುವುದು ಇನ್ನೊಂದು ಗುರುತು. ಕಾಗದ ಮೆತ್ತಗಿದ್ದರೂ ಅದರೊಳಗಿನ ಜೇಡಿ, ಸುಣ್ಣದ ಪುಡಿ ಅಲಗನ್ನು ಸವೆಸುತ್ತದೆ, ಹಾಗಾಗಿ ಮೌಂಟ್ ಬೋರ್ಡಿನ ಕೆಲಸದಲ್ಲಿ ಬ್ಲೇಡು ಬೇಗ ಬದಲಿಸಬೇಕಾಗುತ್ತದೆ. 100ರ ಪೆಟ್ಟಿಗೆ ಕೊಂಡರೆ ಬ್ಲೇಡಿಗೆ ಬೀಳುವುದು ಕೆಲವೇ ರೂಪಾಯಿ. ಅದನ್ನು ಉಳಿಸಲು ಹೋಗಿ ಮೂರು ದಿನದ ಕೆಲಸ ಕೆಡಿಸಿಕೊಳ್ಳುವುದು ನಿಜಕ್ಕೂ ನೋವಿನ ಸಂಗತಿ.

ಕಾರ್ಬನ್ ಸ್ಟೀಲ್ ಬ್ಲೇಡಿನ ಅಲಗು ಸಾಮಾನ್ಯವಾಗಿ ಸ್ಟೇನ್‌ಲೆಸ್ಸಿಗಿಂತ ಹೆಚ್ಚು ಹರಿತ, ಆದರೆ ತುಕ್ಕು ಹಿಡಿಯುತ್ತದೆ. ವಿಜಯಪುರದ ಒಣ ಹವೆಯಲ್ಲಿ ಅಷ್ಟು ಚಿಂತೆಯಿಲ್ಲ. ಬೆಳಗಾವಿಯ ಜುಲೈ ತಿಂಗಳ ಮಳೆಯಲ್ಲಿ ಬಿಚ್ಚಿಟ್ಟ ಬ್ಲೇಡಿಗೆ ಬೇಗನೆ ಕೆಂಪು ಚುಕ್ಕೆ ಬರುತ್ತದೆ. ಬೇಕಾದಾಗ ಒಂದೊಂದೇ ಲಕೋಟೆ ಒಡೆಯಿರಿ. ಹಿಡಿಯಲ್ಲಿರುವ ಬ್ಲೇಡಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸವರಿ, ಮತ್ತೆ ಬಳಸುವ ಮೊದಲು ಒರೆಸಿ. ಆ ದಿನಗಳಲ್ಲಿ ರಟ್ಟು ಕೂಡ ತೇವ ಕುಡಿದು ಮೆತ್ತಗಾಗಿರುತ್ತದೆ, ಹೊಸ ಬ್ಲೇಡಿಗೂ ಎಳೆ ಕಿತ್ತು ಬರುತ್ತದೆ. ರಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದೇ ಇದಕ್ಕೆ ಉಪಾಯ. ಲಕೋಟೆಯ ಮೇಲಿನ ಅವಧಿಯ ತಾರೀಖು ಕ್ರಿಮಿರಹಿತ ಸ್ಥಿತಿಗೆ ಸಂಬಂಧಿಸಿದ್ದು, ಹರಿತಕ್ಕಲ್ಲ. ಅವಧಿ ಮೀರಿದ್ದರೂ ಲಕೋಟೆ ಒಡೆಯದ ಬ್ಲೇಡು ಮಾದರಿ ಕೆಲಸಕ್ಕೆ ನಡೆಯುತ್ತದೆ. ಆಸ್ಪತ್ರೆಯಲ್ಲಿ ಬಳಸಿದ ಬ್ಲೇಡನ್ನು ಮಾತ್ರ ಯಾರು ಕೊಟ್ಟರೂ, ಎಷ್ಟು ತೊಳೆದು ಕೊಟ್ಟರೂ ಮುಟ್ಟಬಾರದು.

ಗಾಯಗಳಾಗುವುದು ಕತ್ತರಿಸುವಾಗಷ್ಟೇ ಅಲ್ಲ, ಬ್ಲೇಡು ಹಾಕಿ ತೆಗೆಯುವಾಗಲೂ. ಎರಡಕ್ಕೂ ಚೂಪು ಮೂತಿಯ ಪಕ್ಕಡ ಬೇಕು, ಬೆರಳು ಕೂಡದು. ಹಾಕುವಾಗ ಬ್ಲೇಡಿನ ಬೆನ್ನನ್ನು ಪಕ್ಕಡದಿಂದ ಹಿಡಿದು, ಸೀಳನ್ನು ನಾಲಗೆಗೆ ಸೇರಿಸಿ ಹಿಂದಕ್ಕೆ ಎಳೆಯಿರಿ. ತೆಗೆಯುವಾಗ ಮೊನೆ ನೆಲದ ಕಡೆ, ನಿಮ್ಮಿಂದ ಆಚೆ ಇರಲಿ. ಬ್ಲೇಡಿನ ಹಿಂಬದಿಯ ಅಂಚನ್ನು ಪಕ್ಕಡದಿಂದ ಕಚ್ಚಿ ಒಂದಿಷ್ಟೇ ಎತ್ತಿ, ಮುಂದಕ್ಕೆ ಜಾರಿಸಿ. ಎತ್ತದೆ ತಳ್ಳಿದರೆ ಮೊದಲು ಬರುವುದಿಲ್ಲ, ಆಮೇಲೆ ಒಮ್ಮೆಲೇ ಚಿಮ್ಮುತ್ತದೆ. ಕೈಜಾರಿ ಬೀಳುವ ಸ್ಕಾಲ್ಪೆಲ್ಲನ್ನು ಹಿಡಿಯಲು ಹೋಗಬೇಡಿ, ಕಾಲು ಹಿಂದಕ್ಕೆ ತೆಗೆದುಕೊಳ್ಳಿ. ಶಾಲಾ ಮಕ್ಕಳ ಪ್ರಾಜೆಕ್ಟಿನಲ್ಲಿ ಕತ್ತರಿಸುವ ಕೆಲಸ ದೊಡ್ಡವರದೇ ಆಗಿರಲಿ.

ಹಳೆಯ ಬ್ಲೇಡನ್ನು ಹಾಗೇ ಕಸಕ್ಕೆ ಹಾಕಿದರೆ ಅದು ಚೀಲ ಸೀಳಿಕೊಂಡು ಪೌರಕಾರ್ಮಿಕರ ಕೈಗೆ ತಗಲುತ್ತದೆ. ಆಸ್ಪತ್ರೆಗಳು ಚೂಪು ಸಾಮಾನನ್ನು ಚುಚ್ಚಿ ಹೊರಬರಲಾಗದ ಬಿಳಿ ಡಬ್ಬಿಗೆ ಹಾಕಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹೇಳುತ್ತದೆ. ಮನೆಯಲ್ಲಿ ಮುಚ್ಚಳವಿರುವ ತಗಡಿನ ಡಬ್ಬಿ ಸಾಕು. ಮುಚ್ಚಳದಲ್ಲಿ ಬ್ಲೇಡು ಇಳಿಯುವಷ್ಟು ಸೀಳು ಮಾಡಿ, ಮುಚ್ಚಳದ ಸುತ್ತ ಟೇಪು ಸುತ್ತಿ. ಮುಕ್ಕಾಲು ತುಂಬಿದಾಗ ಸೀಳನ್ನೂ ಮುಚ್ಚಿ, ಮೇಲೆ ‘ಬ್ಲೇಡು ಇದೆ’ ಎಂದು ದಪ್ಪಕ್ಷರದಲ್ಲಿ ಬರೆದು, ಕಸದ ಗಾಡಿಯವರಿಗೆ ಬಾಯಿಬಿಟ್ಟು ಹೇಳಿ ಕೈಗೆ ಕೊಡಿ.