ಎರಡೂ ಕಡೆಯವರನ್ನ ಕೂರಿಸಿ ರಾಜಿ ಮಾಡಿಸಿದ್ರೆ ಸಾಕಲ್ವಾ?

ಈ ತಿಂಗಳಲ್ಲೇ ಈ ಪ್ರಶ್ನೆ ನಾಲ್ಕನೇ ಸಲ ಬಂದಿದೆ. "ಸಾರ್, ಪಂಚಾಯ್ತಿ ಮಾಡಿ ರಾಜಿ ಮಾಡಿಸಿದ್ರೆ ಆಯ್ತು, ಸಂಘರ್ಷ ವಿಶ್ಲೇಷಣೆ ಅಂತ ಸುಮ್ನೆ ಕಾಗದ ಯಾಕೆ ತುಂಬಿಸ್ತೀರಿ?" ಸಂಘರ್ಷ ವಿಶ್ಲೇಷಣೆ ಅಂದರೆ ಜಗಳದಲ್ಲಿ ಯಾರು ಯಾರಿದ್ದಾರೆ, ಯಾರಿಗೆ ಏನು ಬೇಕು, ಯಾಕೆ ಅಂತ ಕೇಳಿ ಬರೆದುಕೊಳ್ಳುವುದು. ಅದು ಯಾಕೆ ಬೇಕು ಅಂದರೆ, ಯಾರನ್ನು ಕೂರಿಸಬೇಕು ಅನ್ನೋದೇ ಮೊದಲು ಗೊತ್ತಿರುವುದಿಲ್ಲ.

"ಎರಡೂ ಕಡೆ" ಅನ್ನುವ ಮಾತನ್ನು ಮೊದಲು ಬಿಡಿ. ಆಲೂರು, ಸಕಲೇಶಪುರದ ಆನೆ ಗಲಾಟೆಯನ್ನೇ ನೋಡಿ. ಆನೆ–ಮಾನವ ಸಂಘರ್ಷ ಅನ್ನುತ್ತೇವೆ, ಆದರೆ ಆನೆ ಸಭೆಗೆ ಬರುವುದಿಲ್ಲವಲ್ಲ! ರಸ್ತೆ ತಡೆಯಲ್ಲಿ ಎದುರುಬದುರು ನಿಲ್ಲುವವರು ಮನುಷ್ಯರೇ. ಮಾಲೀಕರಿಗೆ ಕಾಫಿ ಗಿಡ ಹೋದ ಸಂಕಟ. ತೋಟದ ಕೂಲಿಯವರಿರುವ ಲೈನ್ ಮನೆಯಿಂದ ಬೆಳಗ್ಗೆ ಕೆಲಸಕ್ಕೆ ನಡೆಯುವ ಹೆಂಗಸಿಗೆ ಜೀವದ ಭಯ. ಗದ್ದೆಯನ್ನು ಗುತ್ತಿಗೆಗೆ ಮಾಡಿದವನಿಗೆ ಬೆಳೆಯೂ ಇಲ್ಲ, ಪಹಣಿ ಬೇರೆಯವರ ಹೆಸರಲ್ಲಿರುವುದರಿಂದ ಪರಿಹಾರಕ್ಕೂ ಪರದಾಟ. ಎಲ್ಲರಿಂದ ಬೈಸಿಕೊಳ್ಳುವ ಅರಣ್ಯ ಇಲಾಖೆ ವಾಚರ್ ಎಷ್ಟೋ ಸಲ ಅದೇ ಊರಿನವನು. ಇವರಿಗೆಲ್ಲ ಸೇರಿಸಿ "ರೈತರು" ಅಂತ ಒಂದೇ ಕುರ್ಚಿ ಹಾಕಿದರೆ ಅದರಲ್ಲಿ ಯಾರು ಕೂರುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಇನ್ನು, ಆನೆ ಹಿಡಿದು ಸಾಗಿಸಿದರೆ ಜಗಳವೇ ಇರಲ್ಲ ಅನ್ನುವವರಿಗೆ: 2014ರಲ್ಲಿ ಈ ಭಾಗದಿಂದ 22 ಆನೆ ಹಿಡಿದರು. ಆಮೇಲೂ ಆನೆ ಬಂತು, ಗಲಾಟೆಯೂ ಬಂತು. 2023ರ ಡಿಸೆಂಬರ್‌ನಲ್ಲಿ ಯಸಳೂರಿನ ಕಡೆ ಕಾಡಾನೆ ಕಾರ್ಯಾಚರಣೆಯಲ್ಲೇ ದಸರಾ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ ಸತ್ತ. ಎಲ್ಲಾ ಆನೆಯನ್ನೂ ಓಡಿಸಿ ಅಂತ ನನ್ನ ಮೇಲೆ ಕೂಗಾಡಿದ್ದ ಹಿರಿಯರೊಬ್ಬರು ಅವತ್ತು ಫೋನ್ ಮಾಡಿ ಅತ್ತುಬಿಟ್ಟರು. ಕೂಗಾಟದ ಹಿಂದೆ ಬೇರೇನೋ ಇರುತ್ತದೆ; ನಾರ್ವೆಯ ಶಾಂತಿ ಅಧ್ಯಯನದ ವಿದ್ವಾಂಸ ಯೊಹಾನ್ ಗಾಲ್ಟುಂಗ್ ಜಗಳವನ್ನು ತ್ರಿಕೋನದಂತೆ ನೋಡಿ ಅಂದದ್ದು ಇದಕ್ಕೇ. ಕೂಗಾಟ, ರಸ್ತೆ ತಡೆ ಒಂದು ಮೂಲೆ, ಅದು ಕಣ್ಣಿಗೆ ಕಾಣುತ್ತದೆ. ಮನಸ್ಸಿನೊಳಗಿನ ಭಯ, ಸಿಟ್ಟು ಇನ್ನೊಂದು. ಒಬ್ಬರಿಗೆ ಬೇಕಾದ್ದು ಇನ್ನೊಬ್ಬರಿಗೆ ಆಗಿಬರದೇ ಇರುವುದು ಮೂರನೆಯದು. ರಾಜಿ ಪತ್ರ ಸಾಮಾನ್ಯವಾಗಿ ಮೊದಲನೇ ಮೂಲೆಯಲ್ಲೇ ನಿಂತುಬಿಡುತ್ತದೆ.

ಈ ವಿಶ್ಲೇಷಣೆಯಲ್ಲಿ ಕಷ್ಟ ಇಲ್ಲವೇ? ಬೇಕಾದಷ್ಟಿದೆ. ನೋಟ್‌ಬುಕ್ ತೆಗೆದರೆ ಜನ ಪರಿಹಾರದ ಪಟ್ಟಿ ಅಂದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಬರೆದದ್ದು ಕಾಫಿ ಕೊಯ್ಲಿನ ಹೊತ್ತಿಗೆ ಹಳಸಿರುತ್ತದೆ.

ಯಾರೂ ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ: ಈ ಕೆಲಸವನ್ನು ಊರಿನವರು ಮಾಡಬೇಕಾ, ಹೊರಗಿನವರಾ? ಊರಿನವರಿಗೆ ಒಳಗಿನ ವಿಷಯ ಗೊತ್ತು, ಆದರೆ ಅವರೂ ಯಾರದೋ ನೆಂಟರು. ಹೊರಗಿನವರು ಮೊದಲು ಯಾರ ಮನೆಯಲ್ಲಿ ಕಾಫಿ ಕುಡಿದರು ಅನ್ನೋದನ್ನು ಊರೇ ನೋಡಿರುತ್ತದೆ. ನಾನು ಒಮ್ಮೆ ಮಾಲೀಕರ ಜಗಲಿಯಲ್ಲಿ ಕೂತು ಆಮೇಲೆ ಲೈನ್ ಮನೆಗೆ ಹೋದೆ, ಅಲ್ಲಿ ಮಳೆ ಬಿಟ್ಟು ಬೇರೆ ಮಾತೇ ಬರಲಿಲ್ಲ. ಮುಂದಿನ ಸಲ ಲೈನ್ ಮನೆಗೇ ಮೊದಲು ಹೋದೆ. ಆಗ ಮಾಲೀಕರು ನನ್ನ ಜೊತೆ ಮಾತು ಬಿಟ್ಟರು.