ಓಕನ್ ನಿಯಮ: ಒಂದು ಕೆಲಸ ಹೋದರೆ ದೇಶಕ್ಕೆ ಎಷ್ಟು ನಷ್ಟ?

ನಿರುದ್ಯೋಗ ಶೇ. 5ರಿಂದ ಶೇ. 6ಕ್ಕೆ ಏರಿತು ಅಂದುಕೊಳ್ಳಿ. ದೇಶದ ಒಟ್ಟು ಉತ್ಪಾದನೆಯೂ ಶೇ. 1ರಷ್ಟು ಕಡಿಮೆಯಾಗಬೇಕು ಅಲ್ವಾ? ಇಲ್ಲ, ಸುಮಾರು ಶೇ. 3ರಷ್ಟು ಕಡಿಮೆಯಾಗುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆರ್ಥರ್ ಓಕನ್ 1962ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಇದೇ ಓಕನ್ ನಿಯಮ.

ಯಾಕೆ ಇಷ್ಟು ಜಾಸ್ತಿ? ಕೆಲಸ ಹುಡುಕುತ್ತಿರುವವರನ್ನು ಮಾತ್ರ ನಿರುದ್ಯೋಗಿಗಳೆಂದು ಎಣಿಸುತ್ತಾರೆ. ಮಾರುಕಟ್ಟೆ ಬಿದ್ದಾಗ ಎಷ್ಟೋ ಜನ ಬೇಸತ್ತು ಹುಡುಕುವುದನ್ನೇ ಬಿಡುತ್ತಾರೆ. ಅವರು ಲೆಕ್ಕದಿಂದಲೇ ಮಾಯ. ಕೆಲಸ ಉಳಿಸಿಕೊಂಡವರಿಗೂ ಓವರ್‌ಟೈಮ್ ಸಿಗುವುದಿಲ್ಲ. ನುರಿತ ಕೆಲಸಗಾರರನ್ನು ಕಳೆದುಕೊಳ್ಳಲು ಕಂಪನಿಗಳು ಹಿಂಜರಿಯುತ್ತವೆ. ಹಾಗಾಗಿ ಆರ್ಡರ್ ಇಲ್ಲದಿದ್ದರೂ ಅವರು ಕಾರ್ಖಾನೆಗೆ ಬರುತ್ತಾರೆ, ಕೈಗೆ ಮಾತ್ರ ಪೂರ್ತಿ ಕೆಲಸವಿರುವುದಿಲ್ಲ. ನಿರುದ್ಯೋಗದ ಒಂದು ಅಂಕಿಯ ಹಿಂದೆ ಈ ಎಲ್ಲ ನಷ್ಟಗಳೂ ಅಡಗಿರುತ್ತವೆ.

ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಓಕನ್, 1961ರಲ್ಲಿ ಅಧ್ಯಕ್ಷರ ಆರ್ಥಿಕ ಸಲಹಾ ಮಂಡಳಿಯ ಸಿಬ್ಬಂದಿಯಾಗಿ ಸೇರಿದರು. ಆಗ ಅಮೆರಿಕದಲ್ಲಿ ನಿರುದ್ಯೋಗ ಶೇ. 6ನ್ನು ದಾಟಿತ್ತು. ಅದನ್ನು ಶೇ. 4ಕ್ಕೆ ಇಳಿಸಬೇಕು, ಅದಕ್ಕೆ ತೆರಿಗೆ ಕಡಿತ ಬೇಕು ಎಂಬುದು ಮಂಡಳಿಯ ವಾದ. ಖಜಾನೆ ಬರಿದಾಗುತ್ತದೆ ಎಂದು ಹೆದರಿದವರಿಗೆ ಓಕನ್ ಲೆಕ್ಕ ಉತ್ತರವಾಯಿತು: ಜನರನ್ನು ಖಾಲಿ ಕೂರಿಸುವುದರಿಂದ ಆಗುವ ನಷ್ಟ ಎಲ್ಲರೂ ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅಧ್ಯಕ್ಷ ಕೆನಡಿ ಮುಂದಿಟ್ಟ ಆ ತೆರಿಗೆ ಕಡಿತ, ಅವರ ಹತ್ಯೆಯ ನಂತರ, 1964ರಲ್ಲಿ ಮುಂದಿನ ಅಧ್ಯಕ್ಷ ಜಾನ್ಸನ್ ಸಹಿಯೊಂದಿಗೆ ಕಾನೂನಾಯಿತು.

ಅದೇ ವರ್ಷ ಓಕನ್ ಮಂಡಳಿಯ ಸದಸ್ಯರಾದರು, 1968ರಲ್ಲಿ ಅದರ ಮುಖ್ಯಸ್ಥರು. ಅಷ್ಟರಲ್ಲಿ ವಿಯೆಟ್ನಾಂ ಯುದ್ಧದ ಖರ್ಚು ಏರಿ ಬೆಲೆಗಳೂ ಏರತೊಡಗಿದ್ದವು. ಹಿಂದೆ ತೆರಿಗೆ ಇಳಿಸಿ ಎಂದಿದ್ದ ತಂಡದವರೇ ಈಗ ಜನರ ಖರ್ಚು ತಗ್ಗಿಸಿ ಬೆಲೆ ಏರಿಕೆ ತಡೆಯಲು ಆದಾಯ ತೆರಿಗೆಯ ಮೇಲೆ ಶೇ. 10ರ ಸರ್‌ಚಾರ್ಜ್ ಬೇಕು ಎಂದರು. ಪರಿಸ್ಥಿತಿ ಬದಲಾದಾಗ ಸಲಹೆಯನ್ನೂ ಬದಲಿಸುವ ಧೈರ್ಯ ಅದು. ಓಕನ್ ಬಗ್ಗೆ ನನಗೆ ಗೌರವ ಜಾಸ್ತಿಯಾಗುವುದು ಇಲ್ಲೇ. ನಿರುದ್ಯೋಗ ಮತ್ತು ಹಣದುಬ್ಬರದ ದರಗಳನ್ನು ಕೂಡಿಸಿ ಜನರ ಸಂಕಟ ಅಳೆಯುವ ಸೂಚ್ಯಂಕವೂ ಅವರದ್ದೇ. 1976ರ ಅಧ್ಯಕ್ಷೀಯ ಚುನಾವಣೆಯಲ್ಲಿ ಕಾರ್ಟರ್ ಅದನ್ನು ಆಗಿನ ಅಧ್ಯಕ್ಷ ಫೋರ್ಡ್ ವಿರುದ್ಧ ಬಳಸಿದರು, 1980ರಲ್ಲಿ ರೇಗನ್ ಕಾರ್ಟರ್ ವಿರುದ್ಧವೇ ಬಳಸಿದರು.

ಈ ನಿಯಮ ಎಲ್ಲ ಕಾಲಕ್ಕೂ ಒಂದೇ ಅಲ್ಲ. ಅಮೆರಿಕದಲ್ಲೇ ನಂತರದ ಅಂದಾಜುಗಳು ಮೂರರ ಬದಲು ಎರಡರ ಆಸುಪಾಸಿಗೆ ಬಂದವು. ಕೆಲಸದಿಂದ ತೆಗೆಯುವುದು ಕಷ್ಟವಿರುವ ಜಪಾನಿನಲ್ಲಿ ಉತ್ಪಾದನೆ ಕುಸಿದರೂ ನಿರುದ್ಯೋಗ ಅಷ್ಟಾಗಿ ಏರುವುದಿಲ್ಲ. ಭಾರತದಲ್ಲಂತೂ ಬಡವರು ಕೆಲಸವಿಲ್ಲದೆ ಸುಮ್ನೆ ಕೂರುವಂತಿಲ್ಲ. ಕೆಲಸ ಹೋದವರು ಊರಿಗೆ ಮರಳಿ ಹೊಲಕ್ಕೆ ಇಳಿಯುತ್ತಾರೆ, ಸಿಕ್ಕಿದ ಕೂಲಿಗೆ ಹೋಗುತ್ತಾರೆ. ದಾಖಲೆಯಲ್ಲಿ ಅವರೆಲ್ಲ ಉದ್ಯೋಗಸ್ಥರೇ.